ಸೊಂಟದ ಮಟ್ಟದ ಶಟರು

ಆ ಬೀದಿಯಲ್ಲಿ ನಲವತ್ತನಾಲ್ಕು ಅಂಗಡಿಗಳು, ನಲವತ್ತನಾಲ್ಕು ಶಟರುಗಳು, ಅಷ್ಟಕ್ಕೂ ಸೇರಿ ಒಬ್ಬಳೇ ಡಾಕ್ಟರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಜನರ ಬಾಯಲ್ಲಿ ಅವಳು ಶಟರಕ್ಕ. ವಯಸ್ಸು ಐವತ್ತೆಂಟು, ಮೊಣಕೈವರೆಗೆ ಗ್ರೀಸು, ಮೂಗಿನ ತುದಿಯಲ್ಲಿ ಕೋಪ. ಬೆಳಿಗ್ಗೆ ತನ್ನ ಅಂಗಡಿಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತರೂ ಯಾರು ಬಂದರು, ಯಾರು ತಡ ಮಾಡಿದರು ಎಂದು ಹೇಳಬಲ್ಲಳು. ಟೈಲರಮ್ಮನ ಶಟರು ಅರ್ಧಕ್ಕೆ ಬಂದಾಗ ಒಂದು ಸಲ ಕೆಮ್ಮುತ್ತದೆ. ಗಡಿಯಾರದಣ್ಣನದು ಒಂದೇ ಉಸಿರಿಗೆ ಮೇಲೇರುತ್ತದೆ, ಅವನ ಹಾಗೇ ಅದಕ್ಕೂ ಅವಸರ. ಪೆನ್ನಿನಂಗಡಿಯವನ ಶಟರಿನ ಸ್ಪ್ರಿಂಗು ಸೋತಿದೆ. ಬದಲಾಯಿಸಪ್ಪಾ ಎಂದು ಎರಡು ವರ್ಷದಿಂದ ಬಡಕೊಂಡರೂ ಅವನ ಕಿವಿಗೆ ಹೋಗಿಲ್ಲ.

ಆ ಬೀದಿಗೆ ಒಂದು ಪದ್ಧತಿಯಿತ್ತು. ಎಲ್ಲವೂ ಒಬ್ಬೊಬ್ಬರೇ ಕೂರುವ ಅಂಗಡಿಗಳು. ಬ್ಯಾಂಕಿಗೆ ಹೋಗಬೇಕು, ಗಿರಾಕಿಯ ಮನೆಗೆ ಸಾಮಾನು ಮುಟ್ಟಿಸಬೇಕು, ಎಲ್ಲಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯೇನು, ಕಕ್ಕಸಿಗೆ ಹೋಗಬೇಕು. ಬೀದಿಯಲ್ಲಿ ಒಂದೂ ಇಲ್ಲ. ಬಸ್ ನಿಲ್ದಾಣದವರೆಗೆ ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ. ಹಾಗೆ ಎದ್ದು ಹೋಗುವಾಗ ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹೋಗುತ್ತಾರೆ. ಪೂರ್ತಿ ಇಳಿದಿದ್ದರೆ ಅಂಗಡಿ ಇಲ್ಲ. ಪೂರ್ತಿ ಮೇಲಿದ್ದರೆ ಯಜಮಾನ ಒಳಗಿದ್ದಾನೆ. ಸೊಂಟದ ಮಟ್ಟದಲ್ಲಿದ್ದರೆ, ಅಂಗಡಿ ಇದೆ, ಯಜಮಾನ ಈಗ ಬರುತ್ತಾನೆ, ಅಕ್ಕಪಕ್ಕದವರನ್ನು ಕೇಳಿ. ಅಕ್ಕಪಕ್ಕದವರು ಬಗ್ಗಿ ಒಳಗೆ ಹೋಗಿ ಬೇಕಾದ್ದನ್ನು ತೆಗೆದುಕೊಡುತ್ತಾರೆ. ಟೈಲರಮ್ಮ ಪೆನ್ನು ಮಾರಿದ್ದಾಳೆ, ಕ್ಷೌರದವನು ಅಲಾರಂ ಗಡಿಯಾರ ಮಾರಿದ್ದಾನೆ, ಅದೂ ಚೌಕಾಸಿ ಮಾಡಿ. ಶಟರಕ್ಕನ ಅಪ್ಪ, ಆ ಬೀದಿಯ ಮೊದಲ ಶಟರು ರಿಪೇರಿಯವನು, ಇದಕ್ಕೆಂದೇ ಪ್ರತಿ ಶಟರಿನ ಎರಡು ಬದಿಯ ಪಟ್ಟಿಗೆ ಸೊಂಟದ ಎತ್ತರದಲ್ಲಿ ಮಡಚಬಹುದಾದ ಒಂದೊಂದು ಕಬ್ಬಿಣದ ಕೊಂಡಿ ಬೆಸೆದಿದ್ದ. ಶಟರು ಅದರ ಮೇಲೆ ಬಂದು ಕೂರುತ್ತದೆ. ಊರಿನ ಬೇರೆ ಯಾವ ಬೀದಿಯ ಶಟರಿಗೂ ಆ ಕೊಂಡಿ ಇಲ್ಲ.

ಒಂದು ಬೆಳಿಗ್ಗೆ ಬೀದಿಯ ಮೂಲೆಯ ಗೋಡೆಗೆ ಬಣ್ಣದ ದೊಡ್ಡ ಹಾಳೆಯೊಂದು ಅಂಟಿಕೊಂಡಿತ್ತು. ‘ನಗರದ ನಡುಭಾಗಕ್ಕೆ ಮರುಜೀವ’ ಎಂದು ಮೇಲೆ ಬರೆದಿತ್ತು. ಕೆಳಗೆ ಚಿತ್ರ: ಮಧ್ಯದಲ್ಲಿ ಕಾರಂಜಿ, ಪಕ್ಕದಲ್ಲಿ ನಾಲ್ಕು ಮಹಡಿಯ ಕಾರು ನಿಲ್ದಾಣ, ಸಾಲು ಮರ, ಬೆಂಚುಗಳ ಮೇಲೆ ಕೂತು ನಗುವ ಜನ. ಅವರಲ್ಲಿ ಯಾರ ಕೈಯಲ್ಲೂ ಚೀಲವಿರಲಿಲ್ಲ. ಏನನ್ನೂ ಕೊಳ್ಳದ ಜನರಿಂದ ಯಾವ ಪೇಟೆಗೆ ಜೀವ ಬರುತ್ತದೋ ಎಂದು ಶಟರಕ್ಕ ಮೂಗು ಮುರಿದಳು. ಆಮೇಲೆ ಪಕ್ಕದ ಸಣ್ಣ ಅಕ್ಷರ ಓದಿದಳು. ಅರ್ಧಕ್ಕಿಂತ ಹೆಚ್ಚು ಮಳಿಗೆಗಳು ಮುಚ್ಚಿರುವ ಬೀದಿಗಳನ್ನು ತೆರವು ಮಾಡಲಾಗುವುದು. ಈ ಬೀದಿಯಲ್ಲಿ ಮುಚ್ಚಿದ ಮಳಿಗೆಗಳು, ಇಪ್ಪತ್ತೇಳು.

ಅವಳಿಗೆ ಮೊದಲು ನಗು ಬಂತು. ನಿಜವಾಗಿ ಸತ್ತ ಅಂಗಡಿಗಳು ಆರು. ಅವುಗಳ ಶಟರು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡು ವರ್ಷಗಳಾಗಿವೆ. ಉಳಿದ ಇಪ್ಪತ್ತೊಂದನ್ನು ಇವರು ಎಲ್ಲಿಂದ ತಂದರು? ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಇಳಿದಳು. ಟೈಲರಮ್ಮ, ಮುಚ್ಚಿದೆ. ಪೆನ್ನಿನಂಗಡಿ, ಮುಚ್ಚಿದೆ. ಮೂವತ್ತೊಂದು, ಶಟರು ರಿಪೇರಿ, ಮುಚ್ಚಿದೆ. ಅಪ್ಪನ ಕೈಯಿಂದ ಬಂದ ಅಂಗಡಿ, ತಾನು ಮೂವತ್ತೆರಡು ವರ್ಷ ಕೂತ ಅಂಗಡಿ ಸತ್ತುಹೋಗಿದೆ ಎಂದು ಗೋಡೆಯ ಮೇಲೆ ಬರೆದಿತ್ತು. ಬೆರಳು ಮೂವತ್ತೇಳನೇ ನಂಬರಿನ ಹತ್ತಿರ ನಿಂತಿತು. ಕೈಬರಹದ ಪಟ್ಟಿಯನ್ನೇ ಹಾಗೆಯೇ ಅಚ್ಚು ಮಾಡಿದ್ದರು. ಏಳರ ನಡುವಿಗೆ ಒಂದು ಅಡ್ಡಗೆರೆ ಇತ್ತು. ಒಂದು, ಏಳು ಅದಲುಬದಲಾಗಿ ಅಳತೆ ತಪ್ಪಬಾರದೆಂದು ಅಪ್ಪ ಹಾಗೆ ಬರೆಯುತ್ತಿದ್ದ, ಅವನಿಂದ ಅವಳು ಕಲಿತಳು, ಅವಳಿಂದ ತಮ್ಮನ ಮಗಳು ಕಲಿತಳು. ಆ ಮಗಳು ಈಗ ನಗರ ಯೋಜನೆ ಕಚೇರಿಯಲ್ಲಿ ಸಮೀಕ್ಷೆಯ ಕೆಲಸದಲ್ಲಿದ್ದಳು.

ಶಾಲೆ ಬಿಟ್ಟ ಮೇಲೆ ಆ ಹುಡುಗಿ ಲೆಕ್ಕ ಮಾಡುತ್ತಿದ್ದದ್ದು ಇದೇ ಅಂಗಡಿಯ ಗ್ರೀಸು ಡಬ್ಬಿಗಳ ನಡುವೆ.

ಸಂಜೆ ತಮ್ಮನ ಮನೆಗೆ ಹೋದಾಗ ಹುಡುಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆಯ ಮುಖ ನೋಡಿದ್ದೇ ನಲ್ಲಿ ನಿಲ್ಲಿಸಿದಳು.

“ಏಳಕ್ಕೆ ಗೆರೆ ಹಾಕೋದು ಮರೆತಿಲ್ಲ ನೀನು,” ಎಂದಳು ಶಟರಕ್ಕ. “ಮಿಕ್ಕಿದ್ದೆಲ್ಲ ಮರೆತೆ.”

“ಅತ್ತೆ, ಕೂತ್ಕೋ.”

“ಕೂರಲ್ಲ. ನನ್ನ ಅಂಗಡಿ ಯಾವಾಗ ಮುಚ್ಚಿತು, ಅದನ್ನ ಹೇಳು. ನನಗೇ ಗೊತ್ತಾಗದ ಹಾಗೆ ಮುಚ್ಚಿದೆಯಲ್ಲ.”

“ಫಾರಮಲ್ಲಿ ಎರಡೇ ಚೌಕ ಇರೋದು. ಶಟರು ಪೂರ್ತಿ ಮೇಲಿದ್ರೆ ತೆರೆದಿದೆ, ಇಲ್ಲಾಂದ್ರೆ ಮುಚ್ಚಿದೆ. ನಾನು ಬಂದದ್ದು ಊಟದ ಹೊತ್ತಿಗೆ, ಅರ್ಧ ಬೀದಿ ಎದ್ದು ಹೋಗಿತ್ತು. ನೀನೂ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅರ್ಧ ಇಳಿಸಿದ್ದೆ.”

“ಆ ಅರ್ಧದ ಕೆಳಗೆ ನುಸುಳಿಕೊಂಡೇ ನೀನು ದೊಡ್ಡವಳಾದದ್ದು.”

ಹುಡುಗಿ ಕೈ ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡಳು. “ಗೊತ್ತು,” ಎಂದಳು. “ಗೊತ್ತಿದ್ದೇ ಬರೆದೆ. ಬೇಕಾದ್ರೆ ನಿಂತು, ಕಾದು, ತೆರೆದಿದೆ ಅಂತ ಬರೀಬಹುದಿತ್ತು. ನಮ್ಮ ಬೀದಿ ತೀರಾ ಬಡವಾಗಿದೆ ಅಂತ ಕಂಡ್ರೆ ದುಡ್ಡು ಮೊದಲು ನಮಗೆ ಬರುತ್ತೆ ಅಂದುಕೊಂಡೆ. ಚರಂಡಿ ಮಾಡ್ತಾರೆ, ದೀಪ ಹಾಕ್ತಾರೆ, ನಿನಗೆ ಬಸ್ ನಿಲ್ದಾಣಕ್ಕೆ ಓಡೋದು ತಪ್ಪುತ್ತೆ ಅಂತ. ಅರ್ಧಕ್ಕಿಂತ ಹೆಚ್ಚಾದ್ರೆ ಕೆಡವ್ತಾರೆ ಅನ್ನೋ ನಿಯಮ ಆಮೇಲೆ ಬಂತು ಅತ್ತೆ. ನಿನ್ನಾಣೆಗೂ ಆಮೇಲೆ ಬಂತು.”

ಬೈಯಬೇಕೆಂದು ಶಟರಕ್ಕ ಮಾತು ಕಟ್ಟಿಕೊಂಡು ಬಂದಿದ್ದಳು. ಪ್ರೀತಿಯಿಂದಲೇ ಎಡವಟ್ಟು ಮಾಡಿಕೊಂಡವಳನ್ನು ಎಷ್ಟು ಬೈಯುವುದು? ಆದರೂ ಸಿಟ್ಟು ಇಳಿಯಲಿಲ್ಲ.

“ಕಚೇರಿಯಲ್ಲಿ ನಿಜ ಹೇಳು.”

“ಹೇಳಿದ್ರೆ ಕೆಲಸ ಹೋಗುತ್ತೆ. ಆ ಬೀದಿಯವಳು ಅಂತ ಅಲ್ಲಿ ಯಾರಿಗೂ ಹೇಳಿಲ್ಲ ನಾನು.” ಹುಡುಗಿ ದನಿ ತಗ್ಗಿಸಿದಳು. “ಆಕ್ಷೇಪಣೆ ಕೊಡಿ. ಕೊಟ್ರೆ ಒಂದು ಮರು ಎಣಿಕೆ ಮಾಡ್ತಾರೆ. ದೊಡ್ಡ ಸಾಹೇಬರೇ ಬರ್ತಾರೆ, ನಾನೂ ಬರ್ತೀನಿ. ಆವತ್ತು ಎಲ್ಲರೂ ಶಟರು ಪೂರ್ತಿ ಎತ್ತಿ ಒಳಗೆ ಕೂತಿರಿ. ಅಷ್ಟು ಮಾಡಿದ್ರೆ ಸಾಕು.”

ಆಕ್ಷೇಪಣೆ ಕೊಟ್ಟರು. ಮರು ಎಣಿಕೆಗೆ ಒಂದು ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ಬೀದಿಯವರೆಲ್ಲ ಟೈಲರಮ್ಮನ ಅಂಗಡಿಯಲ್ಲಿ ಸೇರಿದರು. ಕೂರಲು ಜಾಗವಿಲ್ಲದೆ ಅರ್ಧ ಜನ ಬಟ್ಟೆಯ ಗಂಟುಗಳ ಮೇಲೆ ಕೂತಿದ್ದರು. ಗಡಿಯಾರದಣ್ಣ ಎಲ್ಲ ತೀರ್ಮಾನಿಸಿದವನಂತೆ ಮಾತಾಡಿದ. ನಾಳೆ ಒಂದು ದಿನ ಯಾರೂ ಎಲ್ಲಿಗೂ ಹೋಗುವುದು ಬೇಡ, ಬೆಳಿಗ್ಗೆಯಿಂದ ನೀರೂ ಕುಡಿಯುವುದು ಬೇಡ, ಶಟರು ಎತ್ತಿ ಬೊಂಬೆಗಳ ಹಾಗೆ ಕೂತಿರೋಣ, ಎಣಿಸಿಕೊಂಡು ಹೋಗಲಿ ಎಂದ. ಎಲ್ಲರೂ ತಲೆಯಾಡಿಸಿದರು.

“ನಾನು ಕೂರಲ್ಲ,” ಎಂದಳು ಶಟರಕ್ಕ.

ಎಲ್ಲರೂ ತಿರುಗಿ ನೋಡಿದರು.

“ನಾಳೆ ಬೊಂಬೆ ಆಗಿ ಕೂತ್ರೆ ಮುಂದಿನ ವರ್ಷ ಇನ್ನೊಂದು ಎಣಿಕೆ ಬರುತ್ತೆ, ಮತ್ತೆ ಬೊಂಬೆ. ಜೀವಮಾನ ಪೂರ್ತಿ ಕಕ್ಕಸು ತಡಕೊಂಡು ಕೂರೋಕಾಗುತ್ತಾ? ನಾವು ಬದುಕೋ ರೀತಿ ಇದು. ಎಣಿಸೋಕೆ ಬರದಿದ್ರೆ ಅವರು ಕಲೀಲಿ. ನಾಳೆ ನಾನು ಶಟರು ಸೊಂಟದ ಮಟ್ಟಕ್ಕೆ ಇಳಿಸಿ ಒಳಗೆ ಕೂರ್ತೀನಿ. ನೀವೂ ಎಲ್ಲರೂ ಹಾಗೇ ಮಾಡಿ.”

“ತಲೆ ಕೆಟ್ಟಿದೆಯಾ ಅಕ್ಕ ನಿನಗೆ,” ಎಂದ ಗಡಿಯಾರದಣ್ಣ. “ಅವರ ನಿಯಮದಲ್ಲಿ ಅರ್ಧ ಅಂದ್ರೆ ಮುಚ್ಚಿದೆ ಅಂತ. ಇಪ್ಪತ್ತೇಳು ಇದ್ದದ್ದು ನಲವತ್ತನಾಲ್ಕಾಗುತ್ತೆ. ನಮ್ಮ ಗೋರಿ ನಾವೇ ತೋಡಿಕೊಂಡ ಹಾಗೆ.”

“ಆಗ್ಲಿ. ಪೂರ್ತಿ ಬೀದಿ ಸತ್ತಿದೆ ಅಂತ ಬರೀಲಿ. ಕಿವಿ ತುಂಬ ಹೊಲಿಗೆ ಯಂತ್ರದ ಸದ್ದು ಕೇಳ್ತಾ, ನಮ್ಮ ಕಾಲುಗಳು ಓಡಾಡೋದು ನೋಡ್ತಾ, ನಲವತ್ತನಾಲ್ಕು ಸಲ ಮುಚ್ಚಿದೆ ಅಂತ ಬರೀಲಿ. ಕೈ ನಡುಗದೆ ಬರೆದ್ರೆ ಅವರು ಗೆದ್ದರು.”

ಹೆದರಿಕೆ ಅವಳಿಗೂ ಇತ್ತು. ಲೆಕ್ಕ ತಪ್ಪಿದರೆ ಮೂವತ್ತೆಂಟು ಮನೆಯ ಒಲೆಗೆ ತಾನೇ ನೀರು ಹಾಕಿದಂತೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ನನ್ನ ಶಟರಿನ ಕೊಂಡಿ ಸ್ವಲ್ಪ ಸಡಿಲ ಆಗಿದೆ ಅಕ್ಕ, ಇವತ್ತೇ ಬಿಗಿ ಮಾಡ್ಬಿಡು,” ಎಂದಳು. ಅಷ್ಟರಲ್ಲಿ ಕ್ಷೌರದವನೂ ಹೂಂ ಎಂದ. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು, ಗಡಿಯಾರದಣ್ಣನೊಬ್ಬನನ್ನು ಬಿಟ್ಟು. ತನ್ನ ಶಟರು ಮೇಲೇ ಇರುತ್ತದೆ, ನೀವೆಲ್ಲ ಹಾಳಾಗಿ ಹೋಗಿ ಎಂದು ಎದ್ದು ಹೋದ. ಸಂಜೆವರೆಗೆ ಶಟರಕ್ಕ ಸುತ್ತಿಗೆ ಹಿಡಿದು ಮನೆಯಿಂದ ಮನೆಗೆ ಔಷಧಿ ಕೊಡುವವಳಂತೆ ಕೊಂಡಿ ಬಿಗಿ ಮಾಡುತ್ತ ಹೋದಳು.

ಮರುದಿನ ಹನ್ನೊಂದು ಗಂಟೆಗೆ ಅವರು ಬಂದರು. ಶಟರಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಶಟರಿನ ಕೆಳಗಿಂದ ಅವಳಿಗೆ ಜಗತ್ತು ಸೊಂಟದಿಂದ ಕೆಳಗಷ್ಟೇ ಕಾಣುತ್ತಿತ್ತು. ಪಾಲಿಶು ಮಾಡಿದ ಕಪ್ಪು ಬೂಟುಗಳು ದೊಡ್ಡ ಸಾಹೇಬರವು. ಪಕ್ಕದಲ್ಲಿ ಹಿಮ್ಮಡಿ ಸವೆದ ಚಪ್ಪಲಿ, ಅದು ತನ್ನ ಹುಡುಗಿಯದು. ಬೀದಿಯ ತುದಿಯಿಂದ ಅವರ ದನಿ ಹತ್ತಿರವಾಗುತ್ತ ಬಂತು.

“ಮುಚ್ಚಿದೆ,” ಎನ್ನುತ್ತಿದ್ದರು ಸಾಹೇಬರು. “ಮುಚ್ಚಿದೆ. ಇದೂ.”

ಟೈಲರಮ್ಮ ಹೊಲಿಗೆ ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿಯುತ್ತಿದ್ದಳು. ಕ್ಷೌರದವನ ಶಟರಿನ ಕೆಳಗೆ ಎರಡು ಜೊತೆ ಕಾಲು, ಸುತ್ತ ಉದುರುವ ಕೂದಲು. ಬೂಟುಗಳು ಅಲ್ಲಿ ಸ್ವಲ್ಪ ಹೊತ್ತು ನಿಂತವು, ಮತ್ತೆ ಮುಂದೆ ನಡೆದವು. “ಮುಚ್ಚಿದೆ,” ಎಂಬ ದನಿ ಈ ಸಲ ಸ್ವಲ್ಪ ಸಣ್ಣಗೆ ಬಂತು. ಶಟರಕ್ಕ ತುಟಿ ಕಚ್ಚಿಕೊಂಡಳು. ನಿಜಕ್ಕೂ ಬರೆದುಕೊಂಡು ಹೋಗಿಬಿಡುತ್ತಾರಾ ಇವರು?

ಅವಳ ಅಂಗಡಿಗೆ ನೇರ ಎದುರು ಗಡಿಯಾರದಣ್ಣನದು. ಶಟರು ಪೂರ್ತಿ ಮೇಲಿತ್ತು, ಗೋಡೆಯ ತುಂಬ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು, ಕುರ್ಚಿ ಖಾಲಿ. ಬೆಳಗಿನಿಂದ ನೀರು ಕುಡಿಯದೆ ಕೂತವನು ಆಗಷ್ಟೇ ಹೆದರಿಕೆಗೋ ಏನೋ ತಡೆಯಲಾರದೆ ಬಸ್ ನಿಲ್ದಾಣದ ಕಡೆ ಓಡಿದ್ದ. ಹಠಕ್ಕೆ ಬಿದ್ದು ಶಟರು ಮಾತ್ರ ಇಳಿಸಿರಲಿಲ್ಲ.

“ಅಬ್ಬಾ, ಒಂದು ತೆರೆದಿದೆ. ಬರಿ,” ಎಂದರು ಸಾಹೇಬರು.

“ಒಳಗೆ ಯಾರೂ ಇಲ್ಲ ಸರ್,” ಎಂದಳು ಹುಡುಗಿ.

“ಶಟರು ಮೇಲಿದೆಯಲ್ಲ, ಬರಿ.”

ಕಾಗದದ ಮೇಲೆ ಪೆನ್ನು ಗೀಚುವ ಸದ್ದು ಬಂತು. “ಪೆನ್ನು ಬರೀತಿಲ್ಲ ಸರ್.” ಸವೆದ ಚಪ್ಪಲಿಗಳು ಎರಡು ಹೆಜ್ಜೆ ಪಕ್ಕಕ್ಕೆ ಹೋದವು. ಪೆನ್ನಿನಂಗಡಿಯ ಶಟರಿನ ಮುಂದೆ ಅವಳು ನಿಲ್ಲಲಿಲ್ಲ, ಯೋಚಿಸಲಿಲ್ಲ, ಹತ್ತು ವರ್ಷದವಳಿದ್ದಾಗ ಮಾಡುತ್ತಿದ್ದ ಹಾಗೆ ತಲೆ ತಗ್ಗಿಸಿ ಒಳಗೆ ನುಸುಳಿದಳು. ಪೆನ್ನಿನಂಗಡಿಯವನು ಕ್ಷೌರಕ್ಕೆ ಕೂತಿದ್ದ. ಮುಖಕ್ಕೆ ನೊರೆ ಹಚ್ಚಿಕೊಂಡೇ ಅಲ್ಲಿಂದ ಕೂಗಿದ: “ಎಡಗಡೆ ಡಬ್ಬಿಯಲ್ಲಿ ನೀಲಿ ಇದೆ ಕಣಮ್ಮ, ತಗೋ.” ಅವಳು ತೆಗೆದುಕೊಂಡು, ಬೀದಿಗೆ ಬಂದು, ಫಾರಮಿನ ಮೇಲೆ ಪೆನ್ನು ಇಟ್ಟಳು. ಇಟ್ಟವಳು ಹಾಗೇ ನಿಂತುಬಿಟ್ಟಳು.

“ಏನಾಯ್ತು?” ಎಂದರು ಸಾಹೇಬರು.

“ಈ ಪೆನ್ನು ಈಗ ಕೊಂಡದ್ದು ಸರ್, ಮುಚ್ಚಿದ ಅಂಗಡಿಯಿಂದ. ಆ ಅಂಗಡಿ ಮುಚ್ಚಿದೆ ಅಂತ ಇದೇ ಪೆನ್ನಲ್ಲಿ ಬರೀಲಾ?”

“ತಮಾಷೆ ಬೇಡ. ಫಾರಮಲ್ಲಿ ಎರಡೇ ಚೌಕ ಇದೆ.”

“ಎರಡೇ ಚೌಕ ಅಂತಲೇ ಹೋದ ಸಲ ತಪ್ಪು ಬರೆದೆ. ಗೊತ್ತಿದ್ದೇ ಬರೆದೆ ಸರ್. ಈ ಬೀದಿಗೆ ಸಹಾಯ ಬೇಗ ಬರ್ಲಿ ಅಂತ.” ಸವೆದ ಚಪ್ಪಲಿಗಳು ಇತ್ತ ತಿರುಗಿದವು. “ನಾನು ಇಲ್ಲೇ ಬೆಳೆದವಳು. ಮೂವತ್ತೊಂದನೇ ನಂಬರು ನಮ್ಮತ್ತೆಯ ಅಂಗಡಿ. ಅದು ಒಂದು ದಿನವೂ ಮುಚ್ಚಿಲ್ಲ.”

ಸ್ಟೂಲಿನ ಮೇಲೆ ಕೂತಿದ್ದ ಶಟರಕ್ಕನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡಳು.

ಬೂಟುಗಳು ಕದಲಲಿಲ್ಲ. “ಇದನ್ನ ಬರವಣಿಗೆಯಲ್ಲಿ ಕೊಡ್ತೀಯಾ? ಕೊಟ್ರೆ ನಿನಗೆ ಒಳ್ಳೇದಾಗಲ್ಲ, ಈಗಲೇ ಹೇಳ್ತಿದ್ದೀನಿ.”

“ಕೊಡ್ತೀನಿ.”

“ಬಿಸಿಲಲ್ಲಿ ನಿಂತು ಏನು ಬರೀತೀಯ,” ಎಂದಳು ಶಟರಕ್ಕ ಒಳಗಿಂದ. “ಬಾ ಒಳಗೆ, ಮೇಜಿದೆ. ಸಾಹೇಬ್ರೇ, ನೀವೂ ಬನ್ನಿ.”

“ಶಟರು ಸ್ವಲ್ಪ ಎತ್ತಿ ಅಮ್ಮ.”

“ಇವತ್ತು ಎತ್ತಲ್ಲ. ಬಗ್ಗಿ ಬನ್ನಿ.”

ಹುಡುಗಿ ಸರಕ್ಕನೆ ಒಳಗೆ ಬಂದಳು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಆಮೇಲೆ ಮೊಣಕಾಲು ಲಟಕ್ಕೆನಿಸುತ್ತ ಬಗ್ಗಿ ಒಳಗೆ ಬಂದರು. ಬಿಳಿ ಕೂದಲು, ದಪ್ಪ ಕನ್ನಡಕ, ಕೆಟ್ಟವರ ಮುಖವೇನಲ್ಲ, ದಣಿದವರ ಮುಖ. ಶಟರಕ್ಕ ತನ್ನ ಸ್ಟೂಲು ಬಿಟ್ಟುಕೊಟ್ಟಳು. ಅಷ್ಟು ಗಿಡ್ಡ ಸ್ಟೂಲಿನ ಮೇಲೆ ಕೂತ ಮೇಲೆ ಅವರಿಗೂ ಬೀದಿ ಅವಳಿಗೆ ಕಂಡಂತೆಯೇ ಕಂಡಿತು.

ಎದುರಿಗೆ ಒಬ್ಬ ಹೆಂಗಸು ಕೈಯಲ್ಲಿ ಗೋಡೆ ಗಡಿಯಾರ ಹಿಡಿದು ಗಡಿಯಾರದಣ್ಣನ ಅಂಗಡಿಯ ಮುಂದೆ ನಿಂತಳು. ಎರಡು ಸಲ ಕರೆದಳು. ಯಾರೂ ಓಗೊಡಲಿಲ್ಲ. ಶಟರು ಪೂರ್ತಿ ಮೇಲಿದ್ದ ಅಂಗಡಿಗೆ ಅಕ್ಕಪಕ್ಕದವರು ಹೋಗುವುದಿಲ್ಲ, ಯಜಮಾನ ಒಳಗಿದ್ದಾನೆಂದೇ ಲೆಕ್ಕ. ಮೂರನೇ ಸಲ ಕರೆದು ಆಕೆ ಗಡಿಯಾರ ಹಿಡಿದುಕೊಂಡು ಹೊರಟುಹೋದಳು. ಅದೇ ಹೊತ್ತಿಗೆ ಪೆನ್ನಿನಂಗಡಿಯ ಮುಂದೆ ಇಬ್ಬರು ನಿಂತರು; ಟೈಲರಮ್ಮ ಯಂತ್ರ ನಿಲ್ಲಿಸಿ ಬಂದು, ಬಗ್ಗಿ ಒಳಗೆ ಹೋಗಿ, ಎರಡು ನೋಟು ಪುಸ್ತಕ ಕೊಟ್ಟು ಕಳಿಸಿದಳು.

“ಆ ತೆರೆದ ಅಂಗಡಿಯಿಂದ ಗಿರಾಕಿ ವಾಪಸು ಹೋದಳು,” ಎಂದಳು ಶಟರಕ್ಕ. “ಮುಚ್ಚಿದ ಅಂಗಡಿಯಲ್ಲಿ ವ್ಯಾಪಾರ ಆಯ್ತು. ನಿಮ್ಮ ಫಾರಮಿಗೆ ಇದನ್ನ ಹೇಳಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಇಡೀ ಬೀದಿ ಬದುಕಿದೆ ಅಂತೀರಾ?”

“ಇಲ್ಲ. ಆರು ಸತ್ತಿವೆ. ಸತ್ತಿದ್ದನ್ನ ಸತ್ತಿದೆ ಅಂತಲೇ ಬರೀರಿ, ನಮಗೆ ಬಿಟ್ಟಿ ಜೀವ ಬೇಡ. ಆದ್ರೆ ಶಟರು ಯಾಕೆ ಅರ್ಧಕ್ಕಿಳಿಯುತ್ತೆ ಅಂತ ನೀವು ಒಬ್ಬರಾದ್ರೂ ಕೇಳಿದ್ರಾ? ಕಕ್ಕಸಿಗೆ ಹೋಗೋಕೆ. ಹೋಗಿ ಬರೋಕೆ ಇಪ್ಪತ್ತು ನಿಮಿಷ, ದಿನಕ್ಕೆ ಮೂರು ಸಲ, ಮೂವತ್ತೆಂಟು ಜನ. ಇಷ್ಟು ದೊಡ್ಡ ಯೋಜನೆ ಬರೆದ್ರಿ, ಕಾರಂಜಿ ಬರೆದ್ರಿ, ಕಾರಿಗೆ ನಾಲ್ಕು ಮಹಡಿ ಬರೆದ್ರಿ. ಆ ಸತ್ತ ಆರರಲ್ಲಿ ಒಂದನ್ನ, ಹತ್ತೊಂಬತ್ತನೇ ನಂಬರನ್ನ, ಕಕ್ಕಸು ಮಾಡಿಕೊಡಿ. ಪೇಟೆಗೆ ಜೀವ ಬರೋದು ನಾವು ನೋಡ್ಕೊತೀವಿ.”

ಹುಡುಗಿ ಫಾರಮಿನ ಹಿಂಬದಿಯಲ್ಲಿ ಬರೆದು ಮುಗಿಸಿ ಸಹಿ ಹಾಕಿದಳು. ಸಾಹೇಬರು ಎರಡು ಸಲ ಓದಿದರು. ಆಮೇಲೆ ಫಾರಮನ್ನು ತಿರುಗಿಸಿ, ಎರಡು ಚೌಕಗಳ ಪಕ್ಕದ ಖಾಲಿ ಅಂಚಿನಲ್ಲಿ ತಮ್ಮದೇ ಕೈಯಿಂದ, “ಬೀದಿಗೆ ಬಂದು ನೋಡಿದೆ, ಎಣಿಕೆಯ ಕ್ರಮವೇ ತಪ್ಪು, ಹತ್ತೊಂಬತ್ತನೇ ಮಳಿಗೆಯ ಬಗ್ಗೆ ಯೋಚಿಸಬೇಕು,” ಎಂದು ಬರೆದರು. ಕಾಗದದ ಮೂಲೆಗೆ ಶಟರಕ್ಕನ ಹೆಬ್ಬೆಟ್ಟಿನ ಗ್ರೀಸು ಅಂಟಿತ್ತು. ಅವರು ಅದನ್ನು ಒರೆಸಲು ಹೋಗಲಿಲ್ಲ. ಎದ್ದು, ಹೇಳಿಸಿಕೊಳ್ಳದೆಯೇ ಬಗ್ಗಿ ಹೊರಗೆ ಹೋದರು.

ಎರಡು ತಿಂಗಳಾದ ಮೇಲೆ ಪತ್ರ ಬಂತು. ಬೀದಿಯನ್ನು ತೆರವಿನ ಪಟ್ಟಿಯಿಂದ ತೆಗೆದಿದ್ದರು. ಹತ್ತೊಂಬತ್ತನೇ ನಂಬರಿಗೆ ಮಂಜೂರಾತಿ ಸಿಕ್ಕಿತ್ತು. ಹೊಸ ಫಾರಮಿನೊಂದಿಗೆ ಮತ್ತೊಮ್ಮೆ ಎಣಿಕೆಯಾಗುತ್ತದೆ ಎಂದೂ ಇತ್ತು. ಹುಡುಗಿಯನ್ನು ಸಮೀಕ್ಷೆಯಿಂದ ತೆಗೆದು ಹಳೆ ಕಡತಗಳ ಕೋಣೆಗೆ ಹಾಕಿದ್ದರು. ಅಲ್ಲಿ ಕಿಟಕಿಯೂ ಇಲ್ಲ, ಬಡ್ತಿಯೂ ಇಲ್ಲ. ಅದಕ್ಕೆ ಶಟರಕ್ಕ ಒಂದು ಇಡೀ ದಿನ ಕಚೇರಿಯವರ ಏಳು ತಲೆಮಾರನ್ನು ಬೈದಳು. ಹುಡುಗಿ ಮಾತ್ರ, ಹೋಗ್ಲಿ ಬಿಡು ಅತ್ತೆ, ರಾತ್ರಿ ನಿದ್ದೆ ಚೆನ್ನಾಗಿ ಬರ್ತಿದೆ ಎಂದಳು.

ಕೆಲವು ತಿಂಗಳು ಕಳೆದು ಒಂದು ದಿನ, ಕಚೇರಿಗೆ ರಜೆ ಹಾಕಿ, ಹುಡುಗಿ ಮೂವತ್ತೊಂದನೇ ನಂಬರಿನ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು, ಶಟರು ಸೊಂಟದ ಮಟ್ಟಕ್ಕಿತ್ತು. ಕೆಲವು ಅಂಗಡಿಯಾಚೆ ಹತ್ತೊಂಬತ್ತರಲ್ಲಿ ಶಟರಕ್ಕ ಹೊಸ ಕಕ್ಕಸಿನ ಬಾಗಿಲಿಗೆ ಚಿಲಕ ಕೂರಿಸುತ್ತಿದ್ದಳು. ಪಕ್ಕದಲ್ಲಿ ಗಡಿಯಾರದಣ್ಣ, ಬಾಯಿ ಮುಚ್ಚಿಕೊಂಡು, ಸ್ಕ್ರೂ ಎತ್ತಿಕೊಡುತ್ತಿದ್ದ. ತನ್ನ ಅಂಗಡಿಯ ಮುಂದೆ ಹೊಸ ಬೂಟುಗಳೆರಡು ಬಂದು ನಿಂತದ್ದು ಶಟರಕ್ಕನಿಗೆ ಕಂಡಿತು. ಗುರುತಿಲ್ಲದ ಗಂಡಸು, ಕೈಯಲ್ಲಿ ಫಾರಮು.

“ಅಂಗಡಿ ತೆರೆದಿದೆಯಾ, ಮುಚ್ಚಿದೆಯಾ?” ಎಂದು ಅವನು ಶಟರನ್ನು ಕೇಳಿದ.

ಶಟರಿನ ಕೆಳಗಿಂದ ಹುಡುಗಿಯ ದನಿ ಬಂತು, ಬೀದಿಗೆಲ್ಲ ಕೇಳುವ ಹಾಗೆ.

“ಬಗ್ಗಿ ಒಳಗೆ ಬನ್ನಿ. ಆಮೇಲೆ ಬರ್ಕೊಳ್ಳಿ.”